ರಿಜಿಸ್ಟರಿನಲ್ಲಿ ನಿಜವಿದ್ದ ಒಂದೇ ಹೆಸರು

ಯಲಹಂಕದಿಂದ ಬಾಗಲೂರಿನವರೆಗೆ ಕಾರು ಓಡಿಸುವವರಲ್ಲಿ ಎಷ್ಟೋ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದವರು ಪಿಳ್ಳಪ್ಪನವರು. ೧೯೯೩ರಲ್ಲಿ ಒಂದು ಹಳೇ ಮಾರುತಿ ಕೊಂಡು, ಅದರ ನೆತ್ತಿಗೆ ಕೆಂಪು ‘ಎಲ್’ ಹಲಗೆ ಕಟ್ಟಿ, ಡ್ರೈವಿಂಗ್ ಸ್ಕೂಲ್ ತೆರೆದರು. ಕಲಿಯಲು ಬಂದವರ ಲೈಸೆನ್ಸಿನ ಅರ್ಜಿಯನ್ನೂ ಅವರೇ ತುಂಬುತ್ತಿದ್ದರು. ಗುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ತುಂಬಿದ್ದನ್ನೆಲ್ಲ ಉದ್ದನೆಯ ರಿಜಿಸ್ಟರಿನಲ್ಲೂ ಬರೆದಿಡುತ್ತಿದ್ದರು: ಹೆಸರು, ತಂದೆಯ ಹೆಸರು, ವಿಳಾಸ, ಫೋನು, ರಕ್ತದ ಗುಂಪು.

ಬೈಗುಳದಲ್ಲೂ ಅವರು ಪ್ರಸಿದ್ಧರೇ. ‘ಅದು ಬ್ರೇಕ್ ಕಣೋ, ಹಾವಲ್ಲ, ಯಾಕಂಗೆ ತುಳೀತೀಯ’ ಎಂದು ಅವರ ಬಾಯಲ್ಲಿ ಬೈಸಿಕೊಂಡವರು ಆಮೇಲೆ ಮಗಳ ಮದುವೆಗೆ ಕರೆಯಲು ಬರುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ೨೦೧೭ರ ಜೂನಿನ ಒಂದು ಬುಧವಾರ ಬೆಳಿಗ್ಗೆ. ನಾನು ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನೀಷಿಯನ್. ಒಂಬತ್ತೂವರೆಗೆ ಮಕ್ಕಳ ವಾರ್ಡಿನಿಂದ ಚೀಟಿ ಬಂತು. ಹಿಂದಿನ ಸಂಜೆ ಬೇರೊಂದು ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ ಗಂಡುಮಗು, ಬೆಳಗಾಗುವಷ್ಟರಲ್ಲಿ ಅರಿಶಿನ ಹಚ್ಚಿದಂತೆ ಹಳದಿಯಾಗಿತ್ತು. ಜೊತೆಗೆ ಬಂದ ತಾಯಿಯ ರಕ್ತ ನಮ್ಮಲ್ಲಿ ನೋಡಿದಾಗ ಓ ನೆಗೆಟಿವ್. ಮಗುವಿನದು ಪಾಸಿಟಿವ್. ತಾಯಿಯ ದೇಹದಿಂದ ಬಂದ ಏನೋ ಒಂದು ಮಗುವಿನ ರಕ್ತವನ್ನು ಒಳಗೇ ಒಡೆಯುತ್ತಿತ್ತು. ಮಗುವಿನ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ಹೊಸದನ್ನು ತುಂಬಬೇಕು. ಅದು ಓ ನೆಗೆಟಿವ್ ಆಗಿರಬೇಕು, ಐದು ದಿನಕ್ಕಿಂತ ಹಳೆಯದಾಗಿರಬಾರದು. ನಮ್ಮ ಫ್ರಿಜ್ಜಿನಲ್ಲಿದ್ದದ್ದು ಒಂದೇ ಚೀಲ, ಅದಕ್ಕೆ ಹದಿನೆಂಟು ದಿನ. ನಗರದ ಆರು ರಕ್ತನಿಧಿಗೆ ಫೋನ್ ಮಾಡಿದೆ. ಇಲ್ಲ. ‘ಸಂಜೆಯೊಳಗೆ ಆಗದಿದ್ದರೆ ಮೆದುಳಿಗೆ ಪೆಟ್ಟು’ ಎಂದು ವಾರ್ಡಿನ ಡಾಕ್ಟರು ಹೇಳಿದರು.

ಮಗುವಿನ ಕಡೆಯವರನ್ನು ಕರೆಸಿದೆ. ಬಂದವರು ತಾತ, ಪಿಳ್ಳಪ್ಪನವರು. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು.

‘ಓ ನೆಗೆಟಿವ್ ಅಲ್ವಾ ಮೇಡಂ? ನೀವ್ ಯೋಚ್ನೆ ಬಿಡಿ. ಇಡೀ ಯಲಹಂಕದ ಬ್ಲಡ್ ಗ್ರೂಪ್ ನನ್ನತ್ರ ಐತೆ’ ಎಂದರು.

ಅರ್ಧ ಗಂಟೆಯಲ್ಲಿ ಅವರ ಹೆಂಡತಿ ಮುನಿಯಲ್ಲಮ್ಮ ಆಟೋದಲ್ಲಿ ನಾಲ್ಕು ರಿಜಿಸ್ಟರು ತಂದು ನನ್ನ ಮೇಜಿನ ಮೇಲಿಟ್ಟರು. ನನಗೆ ಆದ ಖುಷಿ ಹೇಳತೀರದು. ಎಂಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಬೆರಳಿಟ್ಟು ಹುಡುಕಿದೆವು. ಹದಿನಾಲ್ಕು ಜನ ಓ ನೆಗೆಟಿವ್ ಸಿಕ್ಕರು. ಪಿಳ್ಳಪ್ಪನವರು ಫೋನ್ ಹಚ್ಚಿದರು.

‘ಏನ್ ಪಿಳ್ಳಪ್ಪಣ್ಣ, ಲೈಸೆನ್ಸ್ ರಿನ್ಯೂವಲ್ ಬಂತಾ?’

‘ಅದಲ್ಲ ಕಣೋ ಚಿಕ್ಕಹನುಮಯ್ಯ. ನಿನ್ ರಕ್ತ ಬೇಕು. ನನ್ ಮಗಳು ವನಿತಾಳ ಮಗೀಗೆ.’

‘ಈಗ್ಲೇ ಬಂದೆ.’

ನಾಲ್ವರು ಬಂದರು, ಒಬ್ಬರು ಅಲ್ಲಾಳಸಂದ್ರದಿಂದ ಅಂಗಡಿ ಬಾಗಿಲು ಹಾಕಿಕೊಂಡು. ನಾಲ್ವರೂ ಲೈಸೆನ್ಸ್ ತೆಗೆದು ತೋರಿಸಿದರು, ಓ ನೆಗೆಟಿವ್ ಎಂದು ಅಚ್ಚಾಗಿತ್ತು. ಬೆರಳು ಚುಚ್ಚಿ ಪರೀಕ್ಷೆ ಮಾಡಿದೆ. ಚಿಕ್ಕಹನುಮಯ್ಯನವರದು ಬಿ ಪಾಸಿಟಿವ್. ಎರಡನೆಯವರದು ಎ ಪಾಸಿಟಿವ್. ಮೂರನೆಯವರದು ಮತ್ತೆ ಬಿ ಪಾಸಿಟಿವ್. ನನ್ನ ಔಷಧಿಯೇ ಕೆಟ್ಟಿದೆ ಅಂದುಕೊಂಡು ಹೊಸ ಬಾಟಲಿ ಒಡೆದೆ. ಅದರಲ್ಲೂ ಅದೇ ಬಂತು. ನಾಲ್ಕನೆಯವರದು ಓ ಹೌದು, ಆದರೆ ಪಾಸಿಟಿವ್.

ನಾಲ್ಕೂ ಲೈಸೆನ್ಸನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಈ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಇವರು ಇಷ್ಟು ವರ್ಷ ಹೈವೇಯಲ್ಲಿ ಓಡಾಡಿದ್ದಾರೆ.

‘ಪಿಳ್ಳಪ್ಪನವರೇ, ಇವರ ಗುಂಪು ನಿಮಗೆ ಯಾರು ಹೇಳಿದ್ದು?’ ಎಂದು ಕೇಳಿದೆ.

ಅವರು ರಿಜಿಸ್ಟರನ್ನೇ ನೋಡುತ್ತಿದ್ದರು.

‘ಅರ್ಜೀಲಿ ಆ ಕಾಲಂ ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ ಮೇಡಂ. ಜನಕ್ಕೆ ಗೊತ್ತಿರ್ತಿರ್ಲಿಲ್ಲ. ಟೆಸ್ಟ್ ಮಾಡ್ಸಿ ಅಂದ್ರೆ ಬೇರೆ ಸ್ಕೂಲಿಗೆ ಹೋಗ್ತಾರೆ. ಅದಕ್ಕೆ ನಾನೇ ತುಂಬ್ತಿದ್ದೆ. ಬಹಳ ಜನಕ್ಕೆ ಓ ಪಾಸಿಟಿವ್. ಎಲ್ಲಾರ್ಗೂ ಒಂದೇ ಬರದ್ರೆ ಸಾಹೇಬ್ರಿಗೆ ಡೌಟ್ ಬತ್ತದೆ ಅಂತ ನಡುವೆ ನಡುವೆ ಎ, ಬಿ.’

‘ಮತ್ತೆ ನೆಗೆಟಿವ್?’

‘ರಿವರ್ಸ್ ಬರದೇ ಇರೋರಿಗೆ.’

ಚಿಕ್ಕಹನುಮಯ್ಯನವರು ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದವರು ಎದ್ದು ನಿಂತರು. ‘ಲೇ ಪಿಳ್ಳಪ್ಪ! ನಂಗೆ ರಿವರ್ಸ್ ಬರ್ದೇ ಇದ್ದುದ್ಕಾ? ಹನ್ನೆರಡು ವರ್ಷದಿಂದ ನಂದು ಅಪರೂಪದ ರಕ್ತ ಅಂತ ನನ್ನ ಸೊಸೇರ ಮುಂದೆ ಹೇಳ್ಕಂಡ್ ತಿರುಗ್ತಿದೀನಲ್ಲೋ!’

ಯಾರೂ ನಗಲಿಲ್ಲ. ಉಳಿದ ಹತ್ತರಲ್ಲಿ ಯಾವುದನ್ನು ಕೇಳಿ ಬರೆದೆ, ಯಾವುದನ್ನು ಸುಮ್ಮನೆ ಬರೆದೆ ಎನ್ನುವುದು ಪಿಳ್ಳಪ್ಪನವರಿಗೇ ಗೊತ್ತಿರಲಿಲ್ಲ. ಗಂಟೆ ಹನ್ನೊಂದೂಕಾಲು. ಮೇಲಿನಿಂದ ಮತ್ತೆ ಫೋನ್ ಬಂತು, ಹಳದಿ ಏರುತ್ತಿದೆ ಎಂದು.

ಪಿಳ್ಳಪ್ಪನವರು ಕೊನೆಯ ರಿಜಿಸ್ಟರನ್ನು ಎಳೆದುಕೊಂಡು ಪುಟ ತಿರುವತೊಡಗಿದರು. ಆ ಹತ್ತರಲ್ಲೇ ಒಂದು, ೨೦೧೫ರ ಸಾಲಿನ ಮೇಲೆ ಬೆರಳು ನಿಂತಿತು. ಇಡೀ ರಿಜಿಸ್ಟರಿನಲ್ಲಿ ಚಿತ್ತು ಇದ್ದ ಸಾಲು ಅದೊಂದೇ. ಓ ಪಾಸಿಟಿವ್ ಹೊಡೆದುಹಾಕಿ ಪಕ್ಕದಲ್ಲಿ ಓ ನೆಗೆಟಿವ್ ಬರೆದಿತ್ತು. ಹೆಸರು ಶಹರ್ಬಾನು, ಪುಟ್ಟೇನಹಳ್ಳಿ.

‘ಇದು ನಿಜ ಮೇಡಂ. ಇವಮ್ಮ ಬಿಡ್ಲಿಲ್ಲ. ಇರಾನ್‌ನೋರು, ಕೃಷಿ ಯೂನಿವರ್ಸಿಟೀಲಿ ಹುಳದ ಮೇಲೆ ಓದ್ತಾ ಇದಾರೆ. ನಾನು ಬರ್ದಿದ್ದು ನೋಡಿ, ತಪ್ಪು ಅಂತ ಅವರ ದೇಶದ ರಕ್ತದಾನದ ಕಾರ್ಡ್ ತಂದು ತೋರ್ಸಿದ್ರು. ಕಾಲಂ ತುಂಬಿದ್ರೆ ಸಾಕು ಬಿಡಮ್ಮ ಅಂದೆ. ಹೊಸ ಅರ್ಜಿ ತುಂಬೋ ತನಕ ಕುರ್ಚಿ ಬಿಟ್ಟು ಏಳ್ಲಿಲ್ಲ.’

ಫೋನ್ ಮಾಡಿದರು. ಆಕೆ ತೋಟದಲ್ಲಿದ್ದಳು. ಇಪ್ಪತ್ತೈದು ನಿಮಿಷದಲ್ಲಿ ಬಂದಳು. ಮೂವತ್ತರ ಹೆಂಗಸು, ತಲೆಗೆ ಸುತ್ತಿದ ಸ್ಕಾರ್ಫು, ಚಪ್ಪಲಿಗೆ ಕೆಮ್ಮಣ್ಣು. ಕನ್ನಡವನ್ನು ಆಕೆ ಕಲಿತದ್ದು ತೋಟದಲ್ಲಿ ಕಳೆ ಕೀಳುವ ಹೆಂಗಸರಿಂದ.

‘ಎಲ್ಲಿ ಕುಂತ್ಕಬೇಕು? ಮಗ ಎಂಗೈತೆ?’ ಎಂದು ತೋಳು ಮಡಿಸಿದಳು.

ಗುಂಪು ನೋಡಿದೆ. ಓ ನೆಗೆಟಿವ್. ಬೇಕಂತಲೇ ಮೂರು ಸಲ ನೋಡಿದೆ. ತೂಕ ಸರಿ ಇತ್ತು, ಹಿಮೋಗ್ಲೋಬಿನ್ ಸರಿ ಇತ್ತು.

ಆಗ ನಮ್ಮ ಡ್ಯೂಟಿ ಡಾಕ್ಟರು ಪಾಸ್‌ಪೋರ್ಟ್ ನೋಡಿ ತಡೆದರು. ‘ಫಾರಿನರ್ ಅಂದ್ರೆ ಕಷ್ಟ. ನಾಳೆ ರಿಪೋರ್ಟ್‌ನಲ್ಲಿ ಏನಾದ್ರೂ ಬಂದ್ರೆ ಇವರನ್ನ ಎಲ್ಲಿ ಹುಡುಕೋದು? ವೀಸಾ ಮುಗಿದು ಹೋಗ್ಬಿಟ್ಟಿರ್ತಾರೆ.’

ಶಹರ್ಬಾನುವಿನ ಮುಖದ ಬಣ್ಣ ಇಳಿಯಿತು. ‘ಇದು ನಾಕ್ನೇ ಸಲ. ಮೂರು ಕ್ಯಾಂಪಿಗೆ ಓಗಿದ್ದೆ. ಒಂದ್ರಲ್ಲಿ ಬಿಸ್ಕತ್ತು ಕೊಟ್ಟು ಕಳಿಸಿದ್ರು, ರಕ್ತ ತಗಳ್ಲಿಲ್ಲ. ನಮ್ ಊರಲ್ಲಿ ಅದಿನೆಂಟು ತುಂಬಿದ ದಿನಾನೇ ಕೊಟ್ಟೋಳು ನಾನು. ಇಲ್ಲಿ ನಾಕು ವರ್ಷದಿಂದ ಇದೇ ಮಣ್ಣಲ್ಲಿ ಹುಳ ಇಡೀತಾ ಇದೀನಿ. ಇಲ್ಲಿ ಸೊಳ್ಳೆ ನನ್ ರಕ್ತ ಕುಡೀತದೆ, ಪಾಸ್‌ಪೋರ್ಟ್ ಕೇಳಲ್ಲ.’

ನಾನು ಕಪಾಟಿನಿಂದ ನಿಯಮದ ಪುಸ್ತಕ ತೆಗೆದೆ. ದಾನಿಯ ವಯಸ್ಸು, ತೂಕ, ಕಾಯಿಲೆ, ಪ್ರಯಾಣ, ಹಚ್ಚೆ, ಎಲ್ಲವನ್ನೂ ಡಾಕ್ಟರ ಮುಂದೆ ಸಾಲುಸಾಲಾಗಿ ಓದಿದೆ. ದೇಶ ಯಾವುದು ಎನ್ನುವ ಮಾತು ಎಲ್ಲೂ ಇರಲಿಲ್ಲ. ಆಕೆ ಊರಿಗೆ ಹೋಗಿ ಬಂದು ಎರಡು ವರ್ಷವಾಗಿತ್ತು. ವಿಳಾಸಕ್ಕೆ ಪುರಾವೆ ಕೇಳಿದಾಗ ಪರ್ಸಿನಿಂದ ತೆಗೆದು ಕೊಟ್ಟದ್ದು ಯಲಹಂಕದ ಲೈಸೆನ್ಸನ್ನೇ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸಹಿ ಹಾಕಿದರು.

ರಕ್ತ ಇಳಿಯುವಾಗ ಆಕೆ ಪಿಳ್ಳಪ್ಪನವರನ್ನು ಕೇಳಿದಳು, ‘ಪಿಳ್ಳಪ್ಪಣ್ಣ, ಎಲ್ಲಾರ್ದೂ ಅಂಗೇ ಬರದ್ಯಾ?’

ಅವರು ತಲೆ ತಗ್ಗಿಸಿ ನಿಂತಿದ್ದರು. ‘ಊಂ’ ಎಂದದ್ದು ಸರಿಯಾಗಿ ಕೇಳಿಸಲೂ ಇಲ್ಲ.

ಪರೀಕ್ಷೆಗಳೆಲ್ಲ ಮುಗಿದು ಎರಡು ಗಂಟೆಗೆ ಚೀಲ ಮೇಲೆ ಹೋಯಿತು. ನಾನೂ ಜೊತೆಗೆ ಹೋದೆ. ಪೆನ್ನಿನಷ್ಟು ದಪ್ಪವೂ ಇಲ್ಲದ ಕಾಲು ಆ ಮಗುವಿನದು. ಒಂದು ಸಿರಿಂಜು ತೆಗೆಯುವುದು, ಒಂದು ಸಿರಿಂಜು ತುಂಬುವುದು, ನರ್ಸ್ ಜೋರಾಗಿ ಲೆಕ್ಕ ಹೇಳುವುದು. ಎರಡು ಗಂಟೆ ಹಿಡಿಯಿತು. ಐದಕ್ಕೆ ರಿಪೋರ್ಟ್ ಬಂದಾಗ ಹಳದಿ ಅರ್ಧಕ್ಕೆ ಇಳಿದಿತ್ತು. ಮಗು ಅತ್ತಿತು. ಮುನಿಯಲ್ಲಮ್ಮ ಶಹರ್ಬಾನುವಿನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ವಾರ್ಡಿನ ಡಾಕ್ಟರು ಹೊರಗೆ ಬಂದು ಅಳಿಯ ಅಶ್ವತ್ಥ್‌ನನ್ನು ಕೇಳಿದರು. ‘ನಿಮಗೆ ಮೊದಲನೇದು ಹೆಣ್ಣು ಮಗು ಅಲ್ವಾ? ಆ ಹೆರಿಗೆ ಆದ ಮೂರು ದಿನದೊಳಗೆ ನಿಮ್ಮ ಹೆಂಡತಿಗೆ ಒಂದು ಇಂಜೆಕ್ಷನ್ ಕೊಡಬೇಕಿತ್ತು. ನೆಗೆಟಿವ್ ತಾಯಂದಿರಿಗೆಲ್ಲ ಕೊಡ್ತಾರೆ. ಕೊಟ್ಟಿದ್ರೆ ಈ ಮಗುಗೆ ಹೀಗಾಗ್ತಿರ್ಲಿಲ್ಲ. ಯಾಕೆ ಕೊಡ್ಲಿಲ್ಲ?’

ಅಶ್ವತ್ಥ್ ಫೈಲು ಬಿಚ್ಚಿ ೨೦೧೪ರ ಹಾಳೆ ಕೊಟ್ಟರು. ನಾನೂ ಬಗ್ಗಿ ನೋಡಿದೆ. ‘ರಕ್ತದ ಗುಂಪು: ಓ ಪಾಸಿಟಿವ್’ ಎಂದಿತ್ತು. ಮುಂದೆ ಸಣ್ಣದಾಗಿ, ‘ಡ್ರೈವಿಂಗ್ ಲೈಸೆನ್ಸ್ ಪ್ರಕಾರ.’ ಎರಡನೇ ಸಲದ ಹಾಳೆಯಲ್ಲಿ ಅದನ್ನೇ ನೋಡಿ ಬರೆದಿದ್ದರು. ಆ ನರ್ಸಿಂಗ್ ಹೋಮಿನವರು ಒಂದು ಹನಿ ರಕ್ತ ತೆಗೆದು ನೋಡಿರಲಿಲ್ಲ.

ಪಿಳ್ಳಪ್ಪನವರು ಗೋಡೆ ಹಿಡಿದುಕೊಂಡರು. ಹಾಗೇ ಜಾರಿ ನೆಲಕ್ಕೆ ಕೂತರು. ಅಶ್ವತ್ಥ್ ‘ಮಾವ, ಶುಗರ್ರಾ?’ ಎಂದು ನೀರು ತರಲು ಓಡಿದರು. ನನಗೆ ಅರ್ಥವಾಗಿತ್ತು. ನಾನೂ ನೀರಿಗಾಗಿ ಓಡಿದಂತೆ ಮಾಡಿ ಅಲ್ಲಿಂದ ಹೊರಟೆ, ಅವರ ಮುಖ ನೋಡಲಾಗಲಿಲ್ಲ.

ವನಿತಾಗೆ ಅದನ್ನು ಹೇಳಿದ್ದು ಅವರೇ, ಮಾರನೆಯ ಬೆಳಿಗ್ಗೆ. ಆಕೆಯ ಮಾದರಿ ತೆಗೆಯಲು ಹೋಗಿದ್ದೆ. ಮಗು ಇನ್ನೂ ಹಳದಿ ಇಳಿಸುವ ನೀಲಿ ದೀಪದ ಕೆಳಗಿತ್ತು. ವನಿತಾ ಹಾಸಿಗೆಯಲ್ಲಿ ಒರಗಿದ್ದಳು, ಪಿಳ್ಳಪ್ಪನವರು ನಿಂತಿದ್ದರು.

‘ನಿನ್ ಲೈಸೆನ್ಸ್ ಮಾಡ್ಸಿದಾಗ ನಾನು ನೋಡ್ದೇನೇ ಬರ್ದ್ಬಿಟ್ಟೆ ಕಣವ್ವ. ಓ ಪಾಸಿಟಿವ್ ಅಂತ.’

‘ನಂದೂನಾ ಅಪ್ಪ?’

‘ಅವತ್ತು ಇಪ್ಪತ್ತು ಅರ್ಜಿ ಇತ್ತು. ನಿಂದೂ ಅದರಲ್ಲೇ...’

‘ನಿನ್ ಪಕ್ಕದಲ್ಲೇ ಕೂತಿದ್ನಲ್ಲಪ್ಪ. ನನ್ ಕೇಳಿದ್ರೆ ಗೊತ್ತಿಲ್ಲ ಅಂತಿದ್ದೆ. ಎದುರಿಗೇ ಲ್ಯಾಬಿತ್ತು.’

ವನಿತಾ ಕಿಟಕಿಯ ಕಡೆ ತಿರುಗಿದಳು. ‘ಹೊರಗೆ ಕೂತ್ಕೋ ಹೋಗು’ ಎಂದಳು.

ಆರು ದಿನ ಅವರು ವಾರ್ಡಿನ ಹೊರಗಿನ ಬೆಂಚಿನಲ್ಲೇ ಕೂತರು. ಕೂತಲ್ಲಿಂದಲೇ ರಿಜಿಸ್ಟರಿನ ಮೊದಲ ಹೆಸರಿನಿಂದ ಫೋನ್ ಮಾಡುತ್ತಿದ್ದರು, ‘ನಿನ್ ಲೈಸೆನ್ಸಲ್ಲಿರೋದು ನಂಬ್ಬೇಡ, ಟೆಸ್ಟ್ ಮಾಡ್ಸು’ ಎಂದು. ಕೆಲವರು ಬೈದರು, ಕೆಲವರು ನಕ್ಕರು, ಕೆಲವು ನಂಬರು ಈಗ ಇರಲೇ ಇಲ್ಲ. ಶಹರ್ಬಾನು ದಿನಾ ಸಂಜೆ ಬಂದು ಮಗುವನ್ನು ಗಾಜಿನಾಚೆಯಿಂದ ನೋಡಿ, ಅವರ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು.

ಇಂಥ ಹಳದಿ ಕಿವಿಯನ್ನೂ ಕೆಡಿಸಬಲ್ಲದು. ಮಗುವಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಪರೀಕ್ಷೆಯಾದ ಮೇಲೆ ಮನೆಗೆ ಕಳಿಸಿದರು. ಬಾಗಿಲಲ್ಲಿ ಪಿಳ್ಳಪ್ಪನವರು ಎರಡೂ ಕೈ ಮುಂದೆ ಚಾಚಿದರು. ವನಿತಾ ಒಂದು ಕ್ಷಣ ನಿಂತಳು. ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು, ಭುಜದಿಂದ ಬಟ್ಟೆಯ ಬ್ಯಾಗು ಇಳಿಸಿ ಆ ಕೈಗಳ ಮೇಲಿಟ್ಟಳು. ಅವರು ಅದನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಮಗಳ ಹಿಂದೆ ನಡೆದರು.