ಒಂದೇ ಹಿತ್ತಲು, ಎರಡು ಒಲೆ

ಕೊರೋನಾ ಗಲಾಟೆ ಮುಗಿದ ಮರುವರ್ಷ ನಾನು ಅಂಕೋಲಾ ತಾಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಪಿಡಿಒ ಆಗಿದ್ದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಅನ್ನುವುದು ಕೇಳಲು ಭಾರಿ ಹೆಸರು. ಬೀದಿದೀಪ ಆರಿದರೂ ನಲ್ಲಿಯಲ್ಲಿ ನೀರು ನಿಂತರೂ ಮೊದಲ ಬೈಗುಳ ನಮಗೇ. ಊರಿನ ಹೆಸರು ಬೇಡ. ಹಟ್ಟಿಕೇರಿಯಿಂದ ಬಹಳ ದೂರವಲ್ಲ ಎಂದರೆ ಸಾಕು.

ನಮ್ಮ ವ್ಯಾಪ್ತಿಯಲ್ಲಿ ಒಂದು ಪುನರ್ವಸತಿ ಕಾಲೋನಿಯಿತ್ತು. ಹಿಂದೆ ಒಂದು ಯೋಜನೆಗಾಗಿ ಕಡಲ ದಂಡೆಯ ಊರು ಬಿಟ್ಟು ಬಂದವರಿಗೆ ಅಲ್ಲಿ ಸೈಟು ಕೊಟ್ಟಿದ್ದರು. ಬಂದಾಗ ಮನೆಗೊಂದು ಸಂಸಾರ. ಈಗ ಮಕ್ಕಳಿಗೆ ಮದುವೆಯಾಗಿ ಎರಡು ಕೋಣೆಯಲ್ಲಿ ಏಳೆಂಟು ಜನ. ಹೊಸ ಜಾಗ ಕೊಳ್ಳುವ ಮಾತೇ ಇಲ್ಲ. ಆದರೆ ಪ್ರತಿ ಮನೆಯ ಹಿಂದೆ ಒಂದು ಬಾವಿ, ನಾಲ್ಕು ತೆಂಗು, ಬಲೆ ಒಣಗಿಸುವಷ್ಟು ಹಿತ್ತಲು ಇತ್ತು. ಅಲ್ಲೇ ಚಿಕ್ಕದೊಂದು ಎರಡನೇ ಮನೆ ಕಟ್ಟಿಕೊಳ್ಳಲು ಪಂಚಾಯತಿ ನೆರವಾಗಬೇಕೆಂದು ನಾನು ಹಠ ಹಿಡಿದು ಠರಾವು ಮಾಡಿಸಿದೆ. ಸಿದ್ಧ ನಕ್ಷೆ ನಾವೇ ಕೊಡುವುದು. ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಜಾಗವನ್ನು, ನಮ್ಮ ಎಂಜಿನಿಯರೇ ಹೋಗಿ ಸುಣ್ಣದ ಗೆರೆ ಎಳೆದು ತೋರಿಸುವುದು. ಹೊಸ ಮನೆಗೆ ಬೇರೆ ನಂಬರು. ನಂಬರಿದ್ದರೆ ವಸತಿ ನೆರವು. ಹೇಳುವಾಗ ಎಲ್ಲ ಚೆಂದವೇ ಇತ್ತು.

ಮಾರ್ಚಿನಲ್ಲಿ ಮೊದಲು ಬಂದವಳು ಸವಿತಾ. ಅವಳ ಗಂಡ ಗಣಪತಿ ಬೋಟಿನ ಮೇಲೆ ದುಡಿಯುತ್ತಿದ್ದವನು, ಇನ್ನೂ ನಲವತ್ತು ದಾಟಿರಲಿಲ್ಲ. ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಕಾರವಾರಕ್ಕೆ ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಹಿಂಡಿದ ಬಟ್ಟೆಯ ಹಾಗಾಗುತ್ತಿದ್ದ. ಹೊಟ್ಟೆಗೆ ನಳಿಕೆ ಹಾಕಿ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಒಂದಿದೆ. ಅದಕ್ಕೆ ಜನ ಓಡಾಡದ, ಧೂಳಿಲ್ಲದ ಕೋಣೆ ಬೇಕು; ಇಲ್ಲದಿದ್ದರೆ ನಂಜಾಗುತ್ತದೆ. ಮೊದಲು ಅಂಥ ಕೋಣೆ ತೋರಿಸಿ, ಆಮೇಲೆ ನೋಡೋಣ ಎಂದಿದ್ದರಂತೆ ಡಾಕ್ಟರು. ಮೀನಿನ ಬುಟ್ಟಿ, ಬಲೆ, ಮಕ್ಕಳು ತುಂಬಿದ ಆ ಮನೆಯಲ್ಲಿ ಅಂಥ ಮೂಲೆ ಎಲ್ಲಿಂದ ಬರಬೇಕು?

ಆ ವಾರವೇ ಎಂಜಿನಿಯರನ್ನು ಕಳಿಸಿ ಗೆರೆ ಹಾಕಿಸಿದೆ. ಮರುದಿನ ಗಣಪತಿಯ ತಾಯಿ ದೇವಮ್ಮ, ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯ ಸಮೇತ ಆಫೀಸಿಗೆ ಬಂದಳು. ಹಾಕಿದ ಗೆರೆಯನ್ನು ಕಾಲಿನಿಂದ ಅಳಿಸಿ ಬಂದಿದ್ದಳು.

“ಅಕ್ಕೋರೆ, ಆ ನಕ್ಷೆಲಿ ಒಲೆ ಎಂತಕ್ಕೆ?”

“ಅಡುಗೆಮನೆ ಇಲ್ಲದಿದ್ದರೆ ಅದು ಮನೆ ಅಂತ ಲೆಕ್ಕಕ್ಕೆ ಬರೋದಿಲ್ಲ, ದೇವಮ್ಮಾ.”

“ಒಲೆ ಬೇರೆ ಆದ್ರೆ ನಮ್ಮಲ್ಲಿ ಎಂತ ಹೇಳ್ತರೆ ಗುತ್ತುಂಟಾ ನಿಮ್ಗೆ? ಬೇನೆ ಬಂದ ಮಗನ್ನ ಆಯಿ ಬೇರೆ ಹಾಕ್ದ್ಲು ಹೇಳ್ತರೆ. ಆ ಮಾತು ಕೇಳ್ಕಂಡು ನಾ ಹೆಂಗೆ ಪೇಟೆಲಿ ಕೂತ್ಕಳೂದು?”

ಇಲ್ಲಿ ‘ಒಲೆ ಬೇರೆಯಾಯಿತು’ ಅಂದರೆ ಮನೆ ಒಡೆಯಿತು ಎಂದೇ ಅರ್ಥ. ಗ್ಯಾಸ್ ಬಂದ ಮೇಲೂ ಕುಚ್ಚಲಕ್ಕಿ ಅನ್ನ ಬೇಯುವುದು ಆ ಒಂದು ಒಲೆಯ ಮೇಲೇ. ಕಿರಿಮಗ ಮಾರುತಿಯೂ ಬಾಗಿಲಲ್ಲಿ ನಿಂತು, “ಇವತ್ತು ಒಲೆ, ನಾಳೆ ಹಿಸ್ಸೆ” ಎಂದು ಗೊಣಗಿ ಹೋದ. ಅಣ್ಣನ ಮೇಲೆ ಅವನಿಗೆ ಪ್ರೀತಿ ಇಲ್ಲವೆಂದಲ್ಲ. ಬಸ್ಸಿನಿಂದ ಇಳಿಸಿ ಮನೆಗೆ ಎತ್ತಿಕೊಂಡು ಬರುತ್ತಿದ್ದವನು ಅವನೇ.

ಸರಿ, ಅಡುಗೆಮನೆಯೇ ಬೇಡ ಎಂದು ಮೇಲಿನವರನ್ನು ಕೇಳಿದೆ. “ಒಲೆ ಇಲ್ಲದ್ದು ಮನೆಯಲ್ಲ ಮೇಡಂ, ಕೊಟ್ಟಿಗೆ. ಕೊಟ್ಟಿಗೆಗೆ ನೆರವಿಲ್ಲ” ಎಂದರು. ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ರೋಗಿ ಮಲಗುವ ಜಾಗಕ್ಕೆ ಕೊಟ್ಟಿಗೆ ಎನ್ನಲು ನಾಲಿಗೆ ಹೇಗೆ ಹೊರಳಿತೋ! ಆ ಕಡೆ ಒಲೆ ಬೇಕೇ ಬೇಕು ಎನ್ನುವ ನಿಯಮ, ಈ ಕಡೆ ಒಲೆ ಕೂಡದು ಎನ್ನುವ ತಾಯಿ. ಪತ್ರ ಬರೆದೆ, ಬೇಡಿಕೊಂಡೆ, ಜಗಳವಾಡಿದೆ. ಕಟ್ಟುವ ಕಾಲವಾದ ಬೇಸಿಗೆ ಪೂರ್ತಿ ಹಾಗೇ ಕಳೆಯಿತು.

ಮೇ ಕೊನೆಗೆ ಇನ್ನೊಮ್ಮೆ ಅವರ ಮನೆಗೆ ಹೋದಾಗ ಗಣಪತಿ ತೆಂಗಿನ ಬುಡದಲ್ಲಿ ಮಂಚ ಹಾಕಿಕೊಂಡು ಮಲಗಿದ್ದ. ಕಾಲು ಬಾತಿದ್ದವು. ನಾನೂ ದೇವಮ್ಮನೂ ಮತ್ತದೇ ವಾದ ಶುರುಮಾಡಿದ್ದನ್ನು ಕೇಳಿ ಕಣ್ಣು ತೆರೆದ.

“ಆಯೀ, ನಮ್ಮೂರು ಬಿಟ್ಟು ಇಲ್ಲಿಗೆ ಬರುವಾಗ ಅಜ್ಜಿ ಮಡ್ಕೆಲಿ ಕೆಂಡ ತಂದಿದ್ಲಲ?”

“ಹೌದು. ಲಾರಿಲಿ ಮಡ್ಲಲ್ಲೇ ಇಟ್ಕಂಡಿದ್ಲು. ಸೀರೆ ಸುಟ್ಟೋಗಿತ್ತು.”

“ಊರೇ ಬೇರೆ ಆಯ್ತು, ಒಲೆ ಬೇರೆ ಆಗ್ಲಿಲ್ಲ. ನೀನೂ ನಿನ್ ಒಲೆ ಕೆಂಡ ತಂದು ಹಿಂದಿನ ಒಲೆ ಹಚ್ಚು. ಆಗ ಯಾರ್ ಬೇರೆ ಹೇಳ್ತರೆ?”

ದೇವಮ್ಮ ಅವನ ಮಂಚದ ಅಂಚಿಗೆ ಬಂದು ಕೂತಳು. ಆಮೇಲೆ, “ಹಾಂಗಾದ್ರೆ ಅಡ್ಡಿಲ್ಲ” ಎಂದಳು. ಸವಿತಾ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಇಷ್ಟು ಸಣ್ಣ ಮಾತು ಮಾರ್ಚಿನಲ್ಲೇ ನಮ್ಮ ಯಾರ ಬಾಯಿಗೂ ಯಾಕೆ ಬರಲಿಲ್ಲ?

ಮಾರುತಿ ತಾನೇ ನಿಂತು ಪಾಯ ಅಗೆಸಿದ. ಆದರೆ ನಮ್ಮ ಕಡೆಯ ಮಳೆ ಯಾರ ಕಷ್ಟ ಕೇಳಿ ಬರುತ್ತದೆ? ಗೋಡೆಗೆ ಬೇಕಾದ ಚಿರೆಕಲ್ಲಿನ ಕ್ವಾರಿ ನಿಂತಿತು, ಪಾಯದ ಗುಂಡಿಯಲ್ಲಿ ನೀರು ತುಂಬಿ ಕಪ್ಪೆ ಕೂಗತೊಡಗಿದವು. ಗಣಪತಿ ಅದೇ ಮಳೆಯಲ್ಲಿ, ಅದೇ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರುತ್ತಿದ್ದ. ಶ್ರಾವಣದಲ್ಲಿ ಒಂದು ದಿನ ಅವನನ್ನು ಆಂಬುಲೆನ್ಸಿನಲ್ಲಿ ತಂದು ಇಳಿಸಿದರು. ಜೀವ ಹೋಗಿತ್ತು. ಕೋಣೆ ಸಿದ್ಧವಾಗಿದ್ದರೆ ಉಳಿಯುತ್ತಿದ್ದನೇ ಎಂದು ಆಮೇಲೆ ಡಾಕ್ಟರನ್ನು ಕೇಳಿದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಮಳೆ ಕಳೆದ ಮೇಲೆ ಮಾರುತಿ ಮನೆ ಕಟ್ಟುವುದನ್ನು ನಿಲ್ಲಿಸಲಿಲ್ಲ; ಅತ್ತಿಗೆಗೂ ಅವಳ ಮಗಳಿಗೂ ಸೂರು ಬೇಕಲ್ಲ ಎಂದ. ಹಿಸ್ಸೆಯ ಮಾತನ್ನು ಮತ್ತೆ ಎತ್ತಲಿಲ್ಲ. ಹೊಸ ಮನೆಯ ಒಕ್ಕಲಿಗೆ ನನ್ನನ್ನೂ ಕರೆದರು. ವಾದ್ಯ, ಪಾಯಸ ಏನಿಲ್ಲ. ದೇವಮ್ಮ ದೊಡ್ಡ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತಂದಳು. ಹೊಸ ಒಲೆಗೆ ಕೆಂಡ ಸುರಿದು ಊದಿದಳು. ಸವಿತಾ ಅನ್ನದ ಎಸರಿಟ್ಟಳು.

ಕೈ ಒರೆಸಿಕೊಂಡು ದೇವಮ್ಮ ನನ್ನ ಮುಖ ನೋಡಿದಳು.

“ಒಲೆ ಬೇರೆ ಆಗ್ಲಿಲ್ಲ ಅಕ್ಕೋರೆ. ಮಗನೇ ಬೇರೆ ಆದ.”

ನಾನು ಒಲೆಯ ಮುಂದೆ ಅವಳ ಪಕ್ಕದಲ್ಲಿ ಕೂತೆ.

ನಿವೃತ್ತಿಯಾದ ಮೇಲೆ ಹೊಸ ಪಿಡಿಒಗಳು ಒಮ್ಮೊಮ್ಮೆ ಫೋನು ಮಾಡುತ್ತಾರೆ. ಹಿತ್ತಲಲ್ಲಿ ಎರಡನೇ ಮನೆ ಕಟ್ಟಿಸುವ ಯೋಜನೆ ಹೇಗೆ ನಡೆಸಬೇಕು ಎಂದು ಕೇಳುತ್ತಾರೆ. ನಕ್ಷೆ, ನಂಬರು, ನೆರವು ಎಲ್ಲ ಹೇಳಿಕೊಡುತ್ತೇನೆ. ಆಮೇಲೆ ಒಂದು ಮಾತು ಸೇರಿಸುತ್ತೇನೆ: ಹಿತ್ತಲಿಗೆ ಸುಣ್ಣ ಹಿಡಿದು ಹೋಗುವ ಮೊದಲು ಒಳಗೆ ಹೋಗಿ ಒಲೆಯ ಹತ್ತಿರ ಕೂತು ಒಂದು ಲೋಟ ಚಾ ಕುಡಿಯಿರಿ, ಆ ಮನೆಯವರ ಮಾತು ಕೇಳಿ. ಮಳೆ ಶುರುವಾಗುವ ಮೊದಲೇ ಕೇಳಿ.