ಮುತ್ಯಾನ ಕುರ್ಚಿಯೂ ಐದು ಸೆಕೆಂಡೂ

ಚಿದ್ರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬೆತ್ತದ ಕುರ್ಚಿಯಿದೆ. ಅದರಲ್ಲಿ ಕೂರುವುದು ಯಾರಿಂದಲೂ ಆದೀತು, ಏಳುವುದಕ್ಕೆ ಮಾತ್ರ ಪೂರ್ವಜನ್ಮದ ಪುಣ್ಯ ಬೇಕು. ಮೆಹಕರದಿಂದ ಅದನ್ನು ತಂದವರು ನನ್ನ ಮಾವ, ನನ್ನ ಮಗಳ ಮುತ್ಯಾ. ಅವರು ಲಿಂಗೈಕ್ಯರಾದ ಮೇಲೆ ಅತ್ತೆ ಅದನ್ನು ದಿನವೂ ಒರೆಸುತ್ತಾರೆ, ಅದರಲ್ಲಿ ಕುಳಿತ ನೆಂಟರನ್ನು ಅವರು ಎದ್ದುಹೋಗುವವರೆಗೂ ದುರುಗುಟ್ಟಿ ನೋಡುತ್ತಾರೆ. ಇಂಥ ಕುರ್ಚಿ ಹೋದ ಬೇಸಿಗೆಯಲ್ಲಿ ರೇಸ್ ಕಾರಾಯಿತು ಎಂದರೆ ನೀವು ನಂಬಬೇಕು.

ನನ್ನ ಮಗಳು ಅಂಬಿಕಾ ಇಲ್ಲೇ ಬೀದರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಅವಳೂ ಗೆಳೆಯರೂ ಸೇರಿ ಕಾಲೇಜಿನ ಶೆಡ್ಡಿನಲ್ಲಿ ಒಂದು ಪುಟ್ಟ ರೇಸ್ ಕಾರು ಕಟ್ಟಿದ್ದರು. ಅದನ್ನು ಓಡಿಸುವ ಆಸೆ ಅವಳದು. ಆದರೆ ಹೆಲ್ಮೆಟ್ಟು ಕೈಗವಸು ತೊಟ್ಟು, ಬೆಲ್ಟುಗಳಲ್ಲಿ ಬಿಗಿದು ಕೂತವರು ಐದೇ ಸೆಕೆಂಡಿನಲ್ಲಿ ಬೆಲ್ಟು ಬಿಚ್ಚಿ, ಸ್ಟೀರಿಂಗ್ ಕಿತ್ತೆಸೆದು ಹೊರಗೆ ನಿಲ್ಲದಿದ್ದರೆ ಅವರಿಗೆ ಓಡಿಸಲು ಅನುಮತಿಯಿಲ್ಲ. ಬೆಂಕಿ ಯಾರಿಗೂ ಕಾಯುವುದಿಲ್ಲವಲ್ಲ. ಶನಿವಾರ ಅವಳ ಪರೀಕ್ಷೆ.

ಐದು ಸೆಕೆಂಡಿನಲ್ಲಿ ಹೊರಡುವುದು ನಮ್ಮ ಸೀಮೆಯವರ ರಕ್ತದಲ್ಲೇ ಇಲ್ಲ. ಔರಾದಿನ ನನ್ನ ಅಕ್ಕನ ಮನೆಯಿಂದ ಹೊರಡಲು ಎದ್ದರೆ ಒಂದು ಚಹಾ, ಹೊಸ್ತಿಲಲ್ಲಿ ಕುಂಕುಮ, ಅಂಗಳದಲ್ಲಿ ಅಲ್ಲಿಯವರೆಗೆ ಮರೆತಿದ್ದ ಮುಖ್ಯ ಮಾತು, ಗೇಟಿನಲ್ಲಿ ಉಪ್ಪಿನಕಾಯಿ ಡಬ್ಬಿ. ಅಷ್ಟರಲ್ಲಿ ನಾವು ಹತ್ತಬೇಕಾದ ಬೀದರ್ ಬಸ್ಸು ಸಂತಪುರ ದಾಟಿರುತ್ತದೆ. ಇಂಥ ವಂಶದ ಹುಡುಗಿ ಮನೆಯಲ್ಲೇ ಅಭ್ಯಾಸ ಮಾಡುತ್ತೇನೆಂದು ಮಾವನವರ ಕುರ್ಚಿಯ ಎರಡೂ ಬದಿಗೆ ಹೊರಸು ಮಂಚಗಳನ್ನು ಕಾರಿನ ಗೋಡೆಯಂತೆ ಅಡ್ಡ ನಿಲ್ಲಿಸಿ, ನನ್ನ ಹಳೆಯ ಸೀರೆಯಿಂದ ತನ್ನನ್ನು ಬಿಗಿದುಕೊಂಡು, ರೊಟ್ಟಿ ಬಡಿಯುವ ಪರಾತವನ್ನು ಸ್ಟೀರಿಂಗಿನಂತೆ ಹಿಡಿದು ಕೂತಳು.

ನಾನು ಸೀಟಿ ಊದಿದೆ. ಪರಾತ ಠಣಠಣಿಸಿ ಬಿತ್ತು, ಸೀರೆ ಸರಕ್ಕನೆ ಬಿಚ್ಚಿಕೊಂಡಿತು, ಹುಡುಗಿ ಕುರ್ಚಿಯ ಮೇಲೆ ಕಾಲೂರಿ ಜಿಗಿದಳು. ಜಿಗಿದವಳೇ ತಿರುಗಿ, ಬಗ್ಗಿ, ಕಾಲು ತಾಗಿದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಊದಿದೆ, ಮತ್ತೆ ಅದೇ. ಐದು ಸೆಕೆಂಡು ಎಂದೋ ಮುಗಿದಿತ್ತು.

“ಬೆಂಕಿ ಹತ್ತಿದ ಗಾಡಿಗಿ ಯಾರರೆ ನಮಸ್ಕಾರ ಮಾಡ್ತಾರೇನ?” ಎಂದು ರೇಗಿದೆ.

“ನಾ ಮಾಡಲ್ಲವ್ವಾ, ಕೈ ತಾನೇ ಹೋಗ್ತದ. ಶೆಡ್ಡಿನ್ಯಾಗೂ ಹಿಂಗೇ ಆಯ್ತು.”

ಹೋಗದೇನು ಮಾಡೀತು? ಪುಸ್ತಕಕ್ಕೆ ಕಾಲು ತಾಗಿದರೆ, ಪೊರಕೆಗೆ ತಾಗಿದರೆ, ಪಕ್ಕದವರ ಚೀಲಕ್ಕೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ ಎಂದು ಅಂಬೆಗಾಲಿನಿಂದ ಕಲಿಸಿದವರು ನಾವೇ. ನಾವು ಕಲಿಸಿದ ವಿನಯವೇ ನನ್ನ ಮಗಳನ್ನು ಬೆಂಕಿಯಲ್ಲಿ ಹಿಡಿದು ನಿಲ್ಲಿಸುತ್ತದಲ್ಲ ಎನಿಸಿತು. ಕಾರೂ ಬೇಡ ಗೀರೂ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದೇವರ ಮನೆಯಿಂದ ಅತ್ತೆ ಬಂದರು. ಗಂಡನ ಕುರ್ಚಿಯ ಮೇಲೆ ಮೊಮ್ಮಗಳ ಹೆಜ್ಜೆಗುರುತು ಕಂಡರು. ನಾನು ಮಂಗಳಾರತಿಗೆ ತಲೆಯೊಡ್ಡಿ ನಿಂತೆ.

“ಮಾಫಿ ಆಮ್ಯಾಲ ಯಾಕ ಕೇಳ್ತಿ? ಮೊದಲೇ ಕೇಳಿ ಬಿಡು,” ಎಂದರು ಅತ್ತೆ. “ಕುಂದ್ರೋ ಮುಂದ ಮುಟ್ಟಿ ಕಣ್ಣಿಗಿ ಹಚ್ಕೊ. ಆಮ್ಯಾಲ ಹಿಂದ ನೋಡಬ್ಯಾಡ. ಬೆಂಕಿ ಹತ್ತಿತಂದ್ರ ಕುರ್ಚಿ ಅಲ್ಲ, ನಿಮ್ಮ ಮುತ್ಯಾ ಅಡ್ಡ ಮಲ್ಗಿದ್ರೂ ಅವನ ಎದಿ ಮ್ಯಾಲ ಕಾಲಿಟ್ಟು ಹೊರಗ ಬಾ. ಬೈಯೋದಿಲ್ಲ ಅಂವ.”

ಇಷ್ಟು ಹೇಳಿ ಪರಾತ ಎತ್ತಿಕೊಂಡು ಅಡುಗೆಮನೆಗೆ ನಡೆದರು, ರೊಟ್ಟಿಗೆ ಹೊತ್ತಾಗಿತ್ತು.

ಶನಿವಾರ ಕಾಲೇಜಿನ ಮೈದಾನಕ್ಕೆ ನಾನೂ ಹೋಗಿದ್ದೆ. ಅಂಬಿಕಾ ಕೂರುವ ಮೊದಲು ಕಾರಿನ ಸೀಟನ್ನು ನಿಧಾನವಾಗಿ ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡಳು. ಪರೀಕ್ಷೆಯ ಸರ್ ಅದನ್ನು ದೈವಭಕ್ತಿಯೆಂದು ತಿಳಿದು ಸೀಟಿ ಹಿಡಿದು ಕಾದರು. ಸೀಟಿ ಊದಿದಾಗ ಅವಳು ಹೇಗೆ ಬಂದಳೋ ನಾನು ಕಾಣೆ, ಹೆದರಿ ಕಣ್ಣು ಮುಚ್ಚಿದ್ದೆ. ತೆರೆದಾಗ ನೆಲದ ಮೇಲೆ ನಿಂತಿದ್ದಳು, ಕೈ ಹಿಂದಕ್ಕೆ ಹೋಗಿರಲಿಲ್ಲ. “ಪಾಸ್” ಎಂದರು ಸರ್. ನಾನು ನಡು ಮೈದಾನದಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡೆ.

ಅಷ್ಟು ಜಿಗಿದಾಟಕ್ಕೆ ಕುರ್ಚಿಯ ಬೆತ್ತ ಅಲ್ಲೊಂದು ಇಲ್ಲೊಂದು ಕಿತ್ತುಹೋಗಿ, ನಡುವೆ ತಗ್ಗು ಬಿದ್ದಿದೆ. ಈಗ ನಾನೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತೇನೆ, ಏಳಲು ಮೊದಲಿಗಿಂತ ಹೆಚ್ಚು ಪುಣ್ಯ ಬೇಕಾಗಿದೆ. ಮೊನ್ನೆ ಬೆತ್ತ ಹೆಣೆಯುವವನನ್ನು ಕರೆಸಿದ್ದೆ. ಅತ್ತೆ ಅವನಿಗೆ ಚಹಾ ಕೊಟ್ಟು, ಕುರ್ಚಿ ಮುಟ್ಟಗೊಡದೆ ಕಳಿಸಿಬಿಟ್ಟರು.

“ಹಂಗೇ ಇರ್ಲಿ,” ಎಂದರು ಆ ತಗ್ಗನ್ನು ಒರೆಸುತ್ತ. “ನಮ್ಮ ಹುಡುಗಿ ಪಾರಾದ ಜಾಗ ಅದು.”