ಅವ್ವನಿಂದ ಬಂದದ್ದು

“ಹುಡುಗಿ ಚೊಲೊ ಅದಾಳ. ಆದ್ರ ಅವರಪ್ಪನ ಕಣ್ಣಿನ ರೋಗ ನಾಳೆ ಮೊಮ್ಮಕ್ಕಳಿಗೆ ಬಂದ್ರ ಏನ್ ಮಾಡೋಣು?”

ಹಡಗಲಿಯಿಂದ ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಹೀಗೆ ಕೇಳಿದರು. ಹುಡುಗಿಯ ಅಪ್ಪ ಕೊಟ್ರೇಶಣ್ಣ ಎದುರಿಗೇ ಕೂತಿದ್ದರು. (ಕಣ್ಣಿಲ್ಲದವರಿಗೆ ಕಿವಿಯೂ ಇರುವುದಿಲ್ಲವೆಂದು ನಮ್ಮ ಜನ ಯಾವಾಗ ತೀರ್ಮಾನಿಸಿದರೋ!)

ಕೊಟ್ರೇಶಣ್ಣ ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಹಿಟ್ಟಿನ ಗಿರಣಿ ನಡೆಸುತ್ತಾರೆ. ಮದುವೆಯಾದ ಹೊಸತರಲ್ಲಿ, ನೋಡನೋಡುತ್ತಲೇ ಎರಡೂ ಕಣ್ಣು ಹೋದವು. ಮಗಳು ಗಿರಿಜಾ ಬಿಎಸ್ಸಿ ಓದಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅವಳಿಗೆ ಬಂದ ಸಂಬಂಧಗಳೆಲ್ಲ ಈ ಒಂದು ಪ್ರಶ್ನೆಗೇ ಮುರಿದಿದ್ದವು.

ಈ ಸಲ ಸಂಬಂಧ ತಂದವಳು ಸವಿತಾ. ಕೊಟ್ರೇಶಣ್ಣನ ತಂಗಿಯ ಮಗಳು, ಆ ಹಡಗಲಿ ಮನೆಯ ಹಿರಿಯ ಸೊಸೆ. ಸೋದರಮಾವನ ಮಗಳು ತನ್ನ ಮೈದುನನ ಹೆಂಡತಿಯಾಗಿ ಬರುತ್ತಾಳೆಂಬ ಖುಷಿಯಲ್ಲಿ, ಮೂರು ವರ್ಷದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದಳು.

ಈ ಬಾರಿ ಗಿರಿಜಾ ತಲೆ ತಗ್ಗಿಸಲಿಲ್ಲ. ಈಚೆಗೆ ಅಪ್ಪನನ್ನು ದಾವಣಗೆರೆಗೆ ಕರೆದೊಯ್ದು ಟೆಸ್ಟ್ ಮಾಡಿಸಿದ್ದಳು.

“ಡಾಕ್ಟ್ರು ಹೇಳ್ಯಾರ್ರಿ. ಅಪ್ಪಗ ಇದು ನಮ್ಮಜ್ಜಿಯಿಂದ ಬಂದೈತಿ. ತಾಯಿಯಿಂದ ಅಷ್ಟ ಬರ್ತೈತಿ, ತಂದಿಯಿಂದ ಬರಂಗಿಲ್ಲ. ನನಗ ಬಂದಿಲ್ಲ, ನನ್ನ ಮಕ್ಕಳಿಗೂ ಬರಂಗಿಲ್ಲ.”

ಶಾಲೆಯಲ್ಲಿ ಮೆಂಡೆಲ್‌ನ ಬಟಾಣಿ ಗಿಡದ ಪಾಠ ಓದಿದ್ದೇವಲ್ಲ? ಅರ್ಧ ಅಪ್ಪನದು, ಅರ್ಧ ಅವ್ವನದು. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗವಿದೆ. ಅದರೊಳಗಿನ ಜೀನುಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅವು ಅವ್ವನಿಂದಷ್ಟೇ ಬರುತ್ತವೆ. ಗಂಡುಮಕ್ಕಳೂ ಪಡೆಯುತ್ತಾರೆ, ಆದರೆ ಮುಂದಕ್ಕೆ ಕೊಡುವುದಿಲ್ಲ. ಪಡೆದವರೆಲ್ಲರ ಕಣ್ಣು ಹೋಗಲೇಬೇಕೆಂದೂ ಇಲ್ಲ.

ಕೊಟ್ರೇಶಣ್ಣನ ಮುಖ ಅರಳಿತ್ತು. ಮಗಳ ಬಾಳಿಗೆ ತಾನೇ ಅಡ್ಡಿ ಎಂದು ಎಷ್ಟು ವರ್ಷ ಕೊರಗಿದ್ದರೋ.

ಹುಡುಗನ ತಾಯಿ ಮಾತ್ರ ತಟ್ಟೆ ಕೆಳಗಿಟ್ಟರು.

“ಅಜ್ಜಿಯಿಂದ ಬಂದೈತಿ ಅಂದ್ರ... ನಿಮ್ಮಪ್ಪನ ತಂಗಿಗೂ ಬಂದಿರಬೇಕಲ್ಲ? ಅಕಿಯಿಂದ ನಮ್ಮ ಸವಿತಾಗ?”

ಅವರ ಕಣ್ಣು ಮೊಮ್ಮಗನ ಮೇಲೆ ನಿಂತಿತು. ಸವಿತಾ ಮಗುವನ್ನು ಎದೆಗವಚಿಕೊಂಡಳು.

“ಬಂದ್ರೂ ಎಲ್ಲಾರ ಕಣ್ಣು ಹೋಗಂಗಿಲ್ರಿ! ಅವಂಗೇನೂ ಆಗಲಿಕ್ಕಿಲ್ಲ!” ಗಿರಿಜಾ ಮತ್ತೆ ಮತ್ತೆ ಹೇಳಿದಳು. ಯಾರು ಕೇಳಿಸಿಕೊಂಡರು? ವಿಜ್ಞಾನದಲ್ಲಿ ತಮಗೆ ಬೇಕಾದಷ್ಟು ಅವರಿಗೆ ಆಗಲೇ ಅರ್ಥವಾಗಿತ್ತು.

ವಾರದೊಳಗೆ ಎರಡು ಸುದ್ದಿ ಬಂದವು. ಒಂದು, ಹಡಗಲಿಯವರಿಗೆ ಹುಡುಗಿ ಒಪ್ಪಿಗೆ. ಇನ್ನೊಂದು, ಸವಿತಾಳ ಗಂಡ ಹೆಂಡತಿ-ಮಗನನ್ನು ಹರಪನಹಳ್ಳಿಯ ತವರಿಗೆ ಬಿಟ್ಟುಹೋಗಿದ್ದಾನೆ. “ಸ್ವಲ್ಪ ದಿನ ಇರ್ಲಿ” ಅಂದನಂತೆ. ಎಷ್ಟು ದಿನ? ಅವ್ವನನ್ನು ಕೇಳಬೇಕಂತೆ!

ಗಿರಿಜಾ ತಾನೇ ಫೋನ್ ಮಾಡಿ ಸಂಬಂಧ ಬೇಡವೆಂದಳು. ಆಮೇಲೆ ನಮ್ಮ ಅಡುಗೆಮನೆಗೆ ಬಂದು ಕುಸಿದು ಕೂತಳು. “ನಾ ಬಾಯಿ ಮುಚ್ಕೊಂಡು ಕುಂತಿದ್ರ ಅಕಿ ಸಂಸಾರ ಉಳೀತಿತ್ತಲ್ಲಕ್ಕಾ...”

ನಿಜ ಹೇಳಿದವಳು ಅಳುತ್ತಿದ್ದಾಳೆ. ಸೊಸೆಯನ್ನು ಹೊರಹಾಕಿದವರು ಮತ್ತೊಂದು ಹೆಣ್ಣು ನೋಡಲು ಹೊರಟಿದ್ದಾರೆ.

ಮೊನ್ನೆ ಭಾನುವಾರ ಹರಪನಹಳ್ಳಿಗೆ ಹೋಗಿದ್ದೆ. ಸವಿತಾಳ ಮಗ ಅಂಗಳದಲ್ಲಿ ಇರುವೆ ಸಾಲು ಹಿಡಿದು ಹೋಗುತ್ತಿದ್ದ. ಒಂದೊಂದು ಇರುವೆಯನ್ನೂ ಬೆರಳಿಟ್ಟು ತೋರಿಸುತ್ತಿದ್ದ.

“ಇಂವ ಹುಟ್ಟಿದಾಗ ಓಣಿಗೆಲ್ಲ ಪೇಡೆ ಹಂಚಿದ್ರಕ್ಕಾ,” ಅಂದಳು ಸವಿತಾ. “ಮೂಗು, ಬಣ್ಣ ಎಲ್ಲಾ ನಮ್ಮ ವಂಶದ್ದ ಅಂತಿದ್ರು. ಈಗ ನಿಮ್ಮ ಮನಿ ರಕ್ತ ಅಂತಾರ.”

ಚೆಂದದ್ದೆಲ್ಲ ಅಪ್ಪನಿಂದ, ಕೆಟ್ಟದ್ದೆಲ್ಲ ಅವ್ವನಿಂದ: ಈ ನಿಯಮ ಕಂಡುಹಿಡಿಯಲು ಇವರು ಯಾವ ಗಿಡ ನೆಟ್ಟಿದ್ದರು?